ಮುನ್ನೂರೈವತ್ತು ಗ್ರಾಂ

ಅಮದಳ್ಳಿ ದಾಟುವಾಗ ಮೊದಲ ಗುಲಾಬಿ ಜಾರಿತಂತೆ,
ಅವರ್ಸಾದಲ್ಲಿ ಮದುಮಗಳ ಹೆಸರಿನ ಎರಡಕ್ಷರ.
ಅಂಕೋಲೆಯ ಹಾಲಿನೆದುರು ಹಿಂದಿನ ಬಾಗಿಲು ತೆಗೆದರೆ
ಮೂರಂತಸ್ತಿನ ಕೇಕು
ಒಂದು ಬದಿಗೆ ವಾಲಿ ಕೂತಿತ್ತಂತೆ,
ಮದುವೆಯೂಟ ಮುಗಿಸಿದ ಸೋದರಮಾವನ ಹಾಗೆ.

ಕ್ಲೆಮೆಂತಿನಾ ಬಾಯಿ ಇದನ್ನು ಅಳುತ್ತ ಹೇಳಲಿಲ್ಲ,
ಆಲ್ಟೋದ ಬಾನೆಟ್ಟಿಗೆ ಒಂದು ಗುದ್ದು ಕೊಟ್ಟು ಹೇಳಿದರು.
"ಮೂರು ಸಲ ಗ್ಯಾಸ್ ತುಂಬಿಸಿದೆ. ಮೂರು ಸಲವೂ
ಹದಿನೈದು ದಿನ ತಂಪು, ಆಮೇಲೆ ನನ್ನ ಓವನ್ನಿನ ಗಾಳಿ.
ನೀನೂ ತುಂಬಿಸಿ ಕಳಿಸುವವನಾದರೆ ಈಗಲೇ ಹೇಳು."

ಮೇ ತಿಂಗಳಲ್ಲಿ ಕೋಡಿಬಾಗದ ಈ ಶೆಡ್ಡಿಗೆ ಬರುವವರೆಲ್ಲ
ರೋಗದ ಹೆಸರು ತಾವೇ ಇಟ್ಟುಕೊಂಡು ಬರುತ್ತಾರೆ: ಗ್ಯಾಸ್.
ಅದು ಪೆಟ್ರೋಲಲ್ಲ ಬಾಯಿ, ಸುಟ್ಟು ಮುಗಿಯುವುದಿಲ್ಲ.
ಒಳಗಿನ ಬಿಸಿ ಹೊತ್ತು, ಹೊರಗೆ ಇಳಿಸಿ,
ಖಾಲಿ ಬುಟ್ಟಿ ಎತ್ತಿಕೊಂಡು ಮತ್ತೆ ಒಳಗೆ,
ಬೈತಕೋಲದಲ್ಲಿ ಮೀನು ಹೊರುವವರ ಹಾಗೆ.
ಕಡಿಮೆಯಾಗಿದೆ ಎಂದರೆ
ಎಲ್ಲೋ ತಪ್ಪಿಸಿಕೊಂಡಿದೆ.

ಗಾಡಿ ಚಾಲು ಮಾಡಿ ಎಂದೆ. ಫ್ಯಾನು ತಿರುಗಿತು.
ಕಂಪ್ರೆಸರು ಟಕ್ ಎಂದು ಹಿಡಿಯಿತು, ಐದೆಣಿಸುವಷ್ಟರಲ್ಲಿ ಬಿಟ್ಟಿತು.
ಮತ್ತೆ ಟಕ್. ಮತ್ತೆ ಬಿಟ್ಟಿತು.
ದಪ್ಪ ಪೈಪನ್ನು ಮುಷ್ಟಿಯಲ್ಲಿ ಹಿಡಿದೆ.
ಗೇಜಿಗಿಂತ ಮೊದಲು ಕೈ ಅನ್ನುತ್ತಿದ್ದರು ಮುಖ್ತಾರ್ ಉಸ್ತಾದರು.
ಅದು ಬೆವರಬೇಕು. ಅದು ಬೆವರಿದರೆ
ಒಳಗೆ ಕೂತವರು ಬೆವರುವುದಿಲ್ಲ.
ಒಣಗಿದ, ಬೆಚ್ಚಗಿನ, ಏನೂ ಹೇಳದ ಪೈಪು.

ಸಾಬೂನು ನೀರು, ಬ್ರಶ್ಶು, ನೈಟ್ರೋಜನ್ನಿನ ಒತ್ತಡ.
ಕೀಲುಗಳೆಲ್ಲ ಸುಮ್ಮನಿದ್ದವು.
ಬಂಪರು ಕಳಚಿ ಕಂಡೆನ್ಸರಿನ ಕೆಳಮೂಲೆಗೆ ಹಚ್ಚಿದಾಗ
ಒಂದು ಗುಳ್ಳೆ.
ಸಾಸಿವೆಯಷ್ಟು. ಒಡೆಯಿತು. ಇನ್ನೊಂದು.
ನೆಲಕ್ಕೆ ಕೂತು ಬಗ್ಗಿ ನೋಡಿದ ಬಾಯಿ
"ಇಷ್ಟೇ?" ಎಂದರು.
ಇಷ್ಟೇ.
ಬೆರಳು ತಾಗಿಸಿದರೆ ಅಲ್ಯುಮಿನಿಯಂ ಪುಡಿಯಾಗಿ ಉದುರಿತು.
ಕಾಜುಬಾಗದ ಮನೆಯೆದುರು
ಕಡಲಿಗೆ ಮೂತಿ ಮಾಡಿ ಆರು ವರ್ಷ ನಿಂತ ಗಾಡಿ.
ಉಪ್ಪು ಸದ್ದು ಮಾಡಿ ತಿನ್ನುವುದಿಲ್ಲ.

ಮೂರನೇ ದಿನ ಹುಬ್ಬಳ್ಳಿ ಬಸ್ಸಿನಲ್ಲಿ ಹೊಸದು ಬಂತು.
ಕೂಡಿಸಿ, ರಬ್ಬರ್ ಬಳೆಗಳಿಗೆ ಎಣ್ಣೆ ಸವರಿ,
ಒಳಗಿದ್ದ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸಿ
ವಾಲ್ವು ಮುಚ್ಚಿದೆ. ಇನ್ನು ಅರ್ಧ ಗಂಟೆ ಕಾಯುವುದು.
"ಏನಕ್ಕೆ?"
ತುಂಬುವ ಮೊದಲು
ಖಾಲಿಯನ್ನು ಹಿಡಿದಿಡುತ್ತದೋ ಇಲ್ಲವೋ ನೋಡಬೇಕು.
ಖಾಲಿಯೇ ನಿಲ್ಲದ ಕಡೆ
ತುಂಬಿದ್ದು ಎಲ್ಲಿ ನಿಲ್ಲುತ್ತದೆ?

ದಾಮು ಚಾ ತಂದ. ಕಾಳಿ ಸೇತುವೆಯ ಮೇಲೆ ಲಾರಿಗಳು.
ಬಾಯಿ ಚಾ ಮುಟ್ಟಲಿಲ್ಲ. ಓವನ್ನಿನ ಗಾಜಿನೆದುರು ಕೂತವರಂತೆ,
ಬಾಗಿಲು ತೆಗೆಯಬಾರದೆಂದು ಗೊತ್ತಿದ್ದವರಂತೆ,
ಸೂಜಿಯನ್ನೇ ನೋಡುತ್ತಿದ್ದರು.
ಸೂಜಿ ಅಲುಗಲಿಲ್ಲ.

ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟಾಗ
ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು.
"ತೂಗುತ್ತೀಯಾ?"
ಮುನ್ನೂರೈವತ್ತು ಗ್ರಾಂ. ಹೆಚ್ಚಾದರೂ ಬಿಸಿ, ಕಡಿಮೆಯಾದರೂ ಬಿಸಿ.
"ಆ ಮೂವರೂ ಕಣ್ಣಂದಾಜು ಹಾಕಿದ್ದು," ಎಂದು ಬೈದರು.
"ಅಂದಾಜಿಗೆ ನನ್ನದೂ ಉಬ್ಬುವುದಿಲ್ಲ."

ಬಿಲ್ಲಿನಲ್ಲಿ ಇನ್ನೂರು ಕಡಿಮೆ ಮಾಡಿಸಿಕೊಂಡರು.
ಕಡಲಿಗೆ ಮೂತಿ ಮಾಡಿ ನಿಲ್ಲಿಸಬೇಡಿ ಎಂದರೆ
"ಮನೆಯನ್ನೇ ತಿರುಗಿಸಲಾ?" ಎಂದರು.

ಭಾನುವಾರ ಹನ್ನೊಂದಕ್ಕೆ ಅಂಕೋಲೆಯಿಂದ ಫೋನು.
"ಕೇಕು ಸರಿಯಿದೆ. ಗಾಡಿಯಡಿ ನೀರು!
ತೊಟ ತೊಟ ಬೀಳುತ್ತಿದೆ, ಮತ್ತೆ ಸೋರಿತಲ್ಲೋ!"
ಯಾವ ಬದಿ? ಎಡಬದಿ. ಬಣ್ಣ? ಬಣ್ಣವಿಲ್ಲ.
ಬೆರಳು ಹಿಡಿದು ನೋಡಿ.
ತುಸು ಹೊತ್ತು ಮಾತಿಲ್ಲ. ಹಿಂದೆಲ್ಲೋ ಬ್ಯಾಂಡಿನವರು
ಕಹಳೆ ಊದಿ ಪರೀಕ್ಷಿಸುತ್ತಿದ್ದರು.
"ತಣ್ಣಗಿದೆ."
ಬೀಳಲಿ ಬಿಡಿ. ಅದು ಸೋರಿಕೆಯಲ್ಲ,
ದಾರಿಯುದ್ದಕ್ಕೂ ಗಾಡಿ ಕುಡಿದ ಕಡಲಗಾಳಿ.
ನಾಲಿಗೆಗೆ ಹಚ್ಚಿದರೂ ಉಪ್ಪಿರುವುದಿಲ್ಲ.

"ಹಚ್ಚುವುದಿಲ್ಲ ಹೋಗೋ," ಎಂದು ಫೋನಿಟ್ಟರು.